ರಾಜ್ಯ ಕೂಟಕ್ಕೆ ಮುಂಚೆ ಮಗಳ ಕಾಲಿಗೆ ಮಸಾಜ್ ಮಾಡಿಸಬೇಕೇ, ಬೇಡವೇ?

ಓಟಗಾರ್ತಿಯ ಅಮ್ಮ, ದಾವಣಗೆರೆ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹದಿನಾರು ವರ್ಷ, 800 ಮೀಟರ್ ಓಡುತ್ತಾಳೆ. ಈವರೆಗಿನ ಉತ್ತಮ ಸಮಯ 2 ನಿಮಿಷ 19 ಸೆಕೆಂಡು. ಇನ್ನು ಮೂರು ವಾರಕ್ಕೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ರಾಜ್ಯ ಮಟ್ಟದ ಕೂಟವಿದೆ.

ಕಳೆದ ಸಲದ ಕೂಟದಲ್ಲಿ ನಡೆದದ್ದನ್ನು ಹೇಳುತ್ತೇನೆ. ಓಟದ ಹಿಂದಿನ ಸಂಜೆ ತಂಡ ಉಳಿದುಕೊಂಡಿದ್ದ ಕಡೆಗೆ ಮಸಾಜ್ ಮಾಡುವವರೊಬ್ಬರು ಬಂದಿದ್ದರು. ಎಲ್ಲ ಮಕ್ಕಳೂ ಮಾಡಿಸಿಕೊಂಡರೆಂದು ಇವಳೂ ಮಾಡಿಸಿಕೊಂಡಳು. ಮುಕ್ಕಾಲು ಗಂಟೆ ಹೆಬ್ಬೆರಳಿನಿಂದ ಮೀನಖಂಡವನ್ನು ಒತ್ತಿದ್ದಾರೆ. ಕಣ್ಣಲ್ಲಿ ನೀರು ಬಂದರೂ "ಗಂಟು ಬಿಡಬೇಕು, ತಡೆದುಕೋ" ಎಂದರಂತೆ. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗಲೇ ಕಾಲು ಹಿಡಿದುಕೊಂಡಿತ್ತು. ಮೊದಲ ಸುತ್ತನ್ನು ಹೇಗೋ ಓಡಿದಳು. ಎರಡನೆಯ ಸುತ್ತಿನಲ್ಲಿ "ಕಾಲು ನನ್ನದೇ ಅಲ್ಲ ಅನ್ನಿಸಿತು ಅಮ್ಮ" ಎಂದಳು. 2 ನಿಮಿಷ 26 ಸೆಕೆಂಡು ಆಯಿತು, ಫೈನಲ್ ತಪ್ಪಿತು.

ಈ ಸಲವೂ ಮಸಾಜ್ ಮಾಡಿಸಲೇಬೇಕು, ಇಲ್ಲದಿದ್ದರೆ ಸ್ನಾಯು ಬಿಗಿಯಾಗಿಯೇ ಉಳಿಯುತ್ತದೆ ಎಂದು ತರಬೇತುದಾರರು ಹೇಳುತ್ತಾರೆ. ನಮ್ಮ ಅತ್ತೆಯವರು ಬಿಸಿ ಎಳ್ಳೆಣ್ಣೆ ಹಚ್ಚಿ ನೀವಿದರೆ ಸಾಕು ಎನ್ನುತ್ತಾರೆ. ನಾನು ಖಾನಾವಳಿಗೆ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿಯುವವಳು, ಕೈಯಲ್ಲಿ ಬಲವಿದೆ. ನಾನೇ ಮಾಡಬಹುದೇ? ಎಷ್ಟು ದಿನ ಮುಂಚೆ ಮಾಡಬೇಕು? ಓಟದ ದಿನ ಮಾಡಬಹುದೇ? ಮಸಾಜ್ ಮಾಡುವವರು ಗಂಡಸರು, ಅದೂ ನನಗೆ ಸಮಾಧಾನವಿಲ್ಲ.

ಇನ್ನೊಂದು ಮಾತು. ಎರಡು ವಾರದಿಂದ ಎಡಗಾಲಿನ ಮುಂಭಾಗ, ಮಂಡಿಗಿಂತ ಕೆಳಗೆ, ನೋವು ಎನ್ನುತ್ತಾಳೆ. ಮಸಾಜ್ ಮಾಡಿದರೆ ಅದೂ ಹೋಗುತ್ತದೆಯೇ?

ದೂರದ ಓಟ, ಬೆಂಗಳೂರು
ಸೋಮವಾರ, ರಾತ್ರಿ 10:15

ನಾನು ಅರೆ ಮ್ಯಾರಥಾನ್ ಓಡುತ್ತೇನೆ. ನನ್ನ ಅನುಭವದಲ್ಲಿ ಓಟದ ನಂತರದ ಮಸಾಜ್ ಬಹಳ ಒಳ್ಳೆಯದು. ಕಾಲಿನಲ್ಲಿ ತುಂಬಿಕೊಂಡ ಲ್ಯಾಕ್ಟಿಕ್ ಆಮ್ಲವನ್ನು ಅದು ಹೊರಹಾಕುತ್ತದೆ, ಮರುದಿನ ನೋವಿರುವುದಿಲ್ಲ. ಓಟಕ್ಕೆ ಮುಂಚೆ ನಾನು ಎಂದೂ ಮಾಡಿಸಿಲ್ಲ, ಹಾಗಾಗಿ ಅದರ ಬಗ್ಗೆ ಹೇಳಲಾರೆ. ನಿಮ್ಮ ಮಗಳಿಗೆ ಶುಭವಾಗಲಿ.

ಕೆಮ್ಮಣ್ಣು, ಮೈಸೂರು
ಸೋಮವಾರ, ರಾತ್ರಿ 11:50

ಅಮ್ಮ, ನಿಮ್ಮ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಎಡಗಾಲಿನ ಆ ನೋವಿನ ಜಾಗವನ್ನು ಸದ್ಯಕ್ಕೆ ಯಾರಿಂದಲೂ ಒತ್ತಿಸಬೇಡಿ. ನಾಳೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಮಂಡಿಯ ಕೆಳಗಿನಿಂದ ಪಾದದ ಗಿಣ್ಣಿನವರೆಗೆ ಮೂಳೆಯ ಒಳ ಅಂಚಿನ ಮೇಲೆ ಒಂದೇ ಬೆರಳಿನಿಂದ ಹಗುರವಾಗಿ ಮುಟ್ಟುತ್ತಾ ಬನ್ನಿ. ನೋವು ಒಂದು ಗೇಣಿನ ಅರ್ಧದಷ್ಟು ಉದ್ದಕ್ಕೆ ಹರಡಿದೆಯೋ, ಇಲ್ಲ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಇದೆಯೋ ನೋಡಿ. ರಾತ್ರಿ ಮಲಗಿದಾಗಲೂ ನೋಯುತ್ತದೆಯೇ ಎಂದು ಕೇಳಿ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯೇ ಎಂದೂ ಕೇಳಿ. ಈ ಮೂರನೆಯದಕ್ಕೂ ಮೂಳೆಗೂ ನೇರ ಸಂಬಂಧವಿದೆ. ಉತ್ತರವನ್ನು ಇಲ್ಲಿ ಬರೆಯಲು ಮನಸ್ಸಿಲ್ಲದಿದ್ದರೆ ಬರೆಯಬೇಡಿ, ವೈದ್ಯರಿಗೆ ಹೇಳಿ.

ಇನ್ನು ಮಸಾಜ್ ವಿಷಯ. ನಾನು ಫಿಸಿಯೋಥೆರಪಿ ಓದಿದವನು, ಹದಿನಾಲ್ಕು ವರ್ಷಗಳಿಂದ ಅಥ್ಲೆಟಿಕ್ಸ್ ಮತ್ತು ಕುಸ್ತಿ ತಂಡಗಳ ಜೊತೆ ಓಡಾಡುತ್ತಿದ್ದೇನೆ. ಆದರೆ ಮೊದಲು ಕಲಿತದ್ದು ಮೈಸೂರಿನ ಗರಡಿಮನೆಯಲ್ಲಿ, ನಮ್ಮ ತಾತನ ಕೈ ನೋಡಿ. ದಸರಾ ಕುಸ್ತಿಗೆ ಇಳಿಯುವ ಪೈಲ್ವಾನರಿಗೆ ಅವರು ಮಾಲೀಶು ಮಾಡುತ್ತಿದ್ದರು. ಈ ಊರಿನಲ್ಲಿ ಆ ವಿದ್ಯೆಗೆ ದೊಡ್ಡ ಪರಂಪರೆಯಿದೆ. ವಜ್ರಮುಷ್ಟಿ ಕಾಳಗಕ್ಕೆ ಹೆಸರಾದ ಜಟ್ಟಿಗಳು ಮೂಳೆ ಕೂರಿಸುವುದಕ್ಕೂ ಅಷ್ಟೇ ಹೆಸರಾದವರು. ತಾತನ ಕೈ ಎಂಥದ್ದೆಂದರೆ, ಅಭ್ಯಾಸದ ದಿನಗಳಲ್ಲಿ ಅವರು ಮೊಣಕೈ ಊರಿದರೆ ನೂರು ಕಿಲೋದ ಪೈಲ್ವಾನನೂ ಹಲ್ಲು ಕಚ್ಚುತ್ತಿದ್ದ. ಅದೇ ತಾತ ಕುಸ್ತಿಗೆ ಮೂರು ದಿನ ಇದೆ ಎನ್ನುವಾಗ ಆ ಒತ್ತುವ ಕೆಲಸವನ್ನು ನಿಲ್ಲಿಸಿಬಿಡುತ್ತಿದ್ದರು. ಯಾರಾದರೂ ಬಂದು ಬೇಡಿಕೊಂಡರೂ ಅಂಗೈಯಿಂದ ಬೆನ್ನು ಸವರಿ ಕಳಿಸುತ್ತಿದ್ದರು. "ಈಗ ನಾನು ಒತ್ತಿದರೆ ನಾಳಿದ್ದು ಮಟ್ಟಿಯಲ್ಲಿ ಇನ್ನೊಬ್ಬ ಒತ್ತುತ್ತಾನೆ" ಎನ್ನುತ್ತಿದ್ದರು.

ನಿಮ್ಮ ಮಗಳಿಗೆ ಆದದ್ದೂ ಇದೇ. ನೋವಾಗುವಷ್ಟು ಆಳವಾಗಿ ಒತ್ತಿಸಿಕೊಂಡ ಸ್ನಾಯು, ಕಠಿಣ ಅಭ್ಯಾಸ ಮಾಡಿದ ಸ್ನಾಯುವಿನ ಹಾಗೆಯೇ ಮರುದಿನ ನೋಯುತ್ತದೆ. ಅದು ಚೇತರಿಸಿಕೊಳ್ಳಲು ಒಂದೆರಡು ದಿನ ಬೇಕು. ಹಿಂದಿನ ಸಂಜೆ ಹಾಗೆ ಮಾಡಿದವರು ಅವಳಿಂದ ಆ ದಿನಗಳನ್ನೇ ಕಿತ್ತುಕೊಂಡರು. ಅವಳ ಓಟದಲ್ಲಿ ತಪ್ಪಿರಲಿಲ್ಲ, ಇದನ್ನು ಅವಳಿಗೆ ದಯವಿಟ್ಟು ಹೇಳಿ. ಹದಿನಾರರ ಮಕ್ಕಳು ಇಂಥದ್ದನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ಬಹಳ ದಿನ ಕೊರಗುತ್ತಾರೆ.

ದೂರದ ಓಟದವರು ಬರೆದದ್ದರಲ್ಲಿ ಒಂದು ತಿದ್ದುಪಡಿ. ಲ್ಯಾಕ್ಟಿಕ್ ಆಮ್ಲವನ್ನು ಮಸಾಜ್ ಹೊರಹಾಕುತ್ತದೆ ಎಂಬುದು ನನ್ನ ಓರಗೆಯವರೂ ಹೇಳುವ ಮಾತು, ಆದರೆ ಅದು ನಿಜವಲ್ಲ. ಓಟ ಮುಗಿದು ಒಂದು ಗಂಟೆಯ ಹೊತ್ತಿಗೆ ದೇಹ ತಾನಾಗಿಯೇ ಅದನ್ನು ಬಳಸಿಕೊಂಡುಬಿಡುತ್ತದೆ. ಇನ್ನೂ ಬೇಗ ಆಗಬೇಕಾದರೆ ಹತ್ತು ನಿಮಿಷ ಮೆಲ್ಲಗೆ ಜಾಗಿಂಗ್ ಮಾಡುವುದೇ ಉತ್ತಮ. ಮರುದಿನ, ಮೂರನೆಯ ದಿನ ಬರುವ ಮೈಕೈ ನೋವಿಗೆ ಕಾರಣ ಸ್ನಾಯುವಿನ ಎಳೆಗಳಲ್ಲಿ ಆಗುವ ಸಣ್ಣ ಸಣ್ಣ ಗಾಸಿ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಹನ್ನೊಂದು ಯುವಕರನ್ನು ಸುಸ್ತಾಗಿ ಬೀಳುವವರೆಗೆ ಸೈಕಲ್ ತುಳಿಸಿ, ಒಂದು ತೊಡೆಗೆ ಮಾತ್ರ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಲ್ಯಾಕ್ಟೇಟ್‌ನಲ್ಲಿ, ಅಂದರೆ ಆ ಆಮ್ಲದ ಅಂಶದಲ್ಲಿ, ವ್ಯತ್ಯಾಸವಿರಲಿಲ್ಲ. ಮಸಾಜ್ ಆದ ತೊಡೆಯಲ್ಲಿ ಉರಿಯೂತದ ಸೂಚನೆಗಳು ಮಾತ್ರ ಕಡಿಮೆಯಿದ್ದವು. ಅಂದರೆ ನಿಮಗೆ ಹಿತ ಅನ್ನಿಸಿದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣ ಮಾತ್ರ ಬೇರೆ.

ಮಸಾಜ್ ಮಾಡಿಸಿದರೆ ವೇಗ ಹೆಚ್ಚುತ್ತದೆಯೇ? ಇಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 2020ರಲ್ಲಿ 29 ಅಧ್ಯಯನಗಳನ್ನು, ಒಟ್ಟು 1012 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಬಲ, ಜಿಗಿತ, ವೇಗದ ಓಟ, ದಮ್ಮು, ಯಾವುದರಲ್ಲೂ ಲಾಭ ಕಾಣಲಿಲ್ಲ. ಮೈ ಬಾಗುವುದು ಸ್ವಲ್ಪ ಸಲೀಸಾಯಿತು, ನಂತರದ ನೋವು ಸ್ವಲ್ಪ ತಗ್ಗಿತು. ಇದೇ ನನ್ನ ಕಸುಬು, ಆದರೂ ಇದನ್ನು ಮುಚ್ಚಿಡಲಾರೆ. ಹಾಗಾದರೆ ಏಕೆ ಮಾಡುತ್ತೇನೆ? ಹೆದರಿದ ಮಗುವಿನ ಉಸಿರು ನಿಧಾನವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾಯಿಬಿಟ್ಟು ಹೇಳದ ನೋವು ನನ್ನ ಕೈಗೆ ಸಿಗುತ್ತದೆ. ತಂಡದಿಂದ ಕೈಬಿಟ್ಟಾರು ಎಂಬ ಭಯಕ್ಕೆ ಮಕ್ಕಳು ನೋವನ್ನು ನುಂಗುತ್ತಾರೆ. ಮುಟ್ಟಿದಾಗ ಕಾಲನ್ನು ಸರಕ್ಕನೆ ಎಳೆದುಕೊಂಡರೆ ಅಲ್ಲಿ ಏನೋ ಇದೆ ಎಂದು ಅರ್ಥ.

ನೀವೇ ಮಾಡಬಹುದೇ ಎಂದು ಕೇಳಿದಿರಿ. ಖಂಡಿತ ಮಾಡಬಹುದು, ಬಲ ಮಾತ್ರ ಬೇಡ. ನೋವಿಲ್ಲದ ಕಾಲಿಗೆ ಹೇಗೆ ಎಂದು ಹೇಳುತ್ತೇನೆ. ಅವಳನ್ನು ಚಾಪೆಯ ಮೇಲೆ ಬೋರಲು ಮಲಗಿಸಿ. ಪಾದದ ಗಿಣ್ಣಿನ ಕೆಳಗೆ ಟವೆಲ್ ಸುರುಳಿ ಇಡಿ, ಆಗ ಮಂಡಿ ಒಂಚೂರು ಮಡಿಚಿಕೊಂಡು ಮೀನಖಂಡ ಸಡಿಲವಾಗುತ್ತದೆ. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳಿ, ನಾಲ್ಕೈದು ಹನಿ ಎಣ್ಣೆ ಸಾಕು. ಹಿಮ್ಮಡಿಯಿಂದ ಮೇಲಕ್ಕೆ, ಎರಡೂ ಅಂಗೈಗಳಿಂದ ಮೀನಖಂಡವನ್ನು ತಬ್ಬಿಕೊಂಡ ಹಾಗೆ ನೀವುತ್ತಾ ಹೋಗಿ. ಮೇಲೆ ಹೋಗುವಾಗ ಸ್ವಲ್ಪ ಭಾರ, ಕೆಳಗೆ ಬರುವಾಗ ಬರೀ ಸ್ಪರ್ಶ. ಮಂಡಿಯ ಹಿಂದಿನ ಗುಳಿಯನ್ನು ಒತ್ತಬೇಡಿ, ಅಲ್ಲಿ ರಕ್ತನಾಳಗಳೂ ನರಗಳೂ ಚರ್ಮಕ್ಕೆ ಹತ್ತಿರವಾಗಿವೆ. ಹತ್ತು ಸಲ ನೀವಿದ ಮೇಲೆ, ರೊಟ್ಟಿಯ ಹಿಟ್ಟನ್ನು ಮೊದಲು ಮಿದಿಯುತ್ತೀರಲ್ಲ, ಅದರ ಕಾಲು ಭಾಗದ ಬಲದಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ ಸ್ನಾಯುವನ್ನು ದಾಟಿಸುತ್ತಾ ಮಿದಿಯಿರಿ. ಒಣ ಹಿಟ್ಟಿನ ಹಾಗೆ ಬಿಗಿಯಾಗಿದ್ದ ಜಾಗ ನಾಲ್ಕೈದು ನಿಮಿಷಕ್ಕೆ ನೀರು ಕುಡಿದ ಹಿಟ್ಟಿನ ಹಾಗೆ ಕೈಗೆ ಹತ್ತುತ್ತದೆ. ನೂರೈವತ್ತು ರೊಟ್ಟಿ ಬಡಿಯುವ ಕೈಗೆ ಆ ವ್ಯತ್ಯಾಸವನ್ನು ನಾನು ಹೇಳಿಕೊಡಬೇಕಾಗಿಲ್ಲ. ಅವಳು ಮುಖ ಕಿವುಚಿದರೆ ನೀವು ಹೆಚ್ಚು ಒತ್ತಿದ್ದೀರಿ.

ಒತ್ತುವಂಥ ಮಸಾಜ್ ಬೇಕೇ ಬೇಕಾದರೆ ಕೂಟಕ್ಕೆ ನಾಲ್ಕೈದು ದಿನ ಮುಂಚೆಯೇ ಮುಗಿಸಬೇಕು. ಅದೂ ಈ ಹಿಂದೆ ಮಾಡಿಸಿಕೊಂಡು ಮೈಗೆ ಒಗ್ಗಿದವರಿಗೆ ಮಾತ್ರ. ಹಿಂದಿನ ರಾತ್ರಿ ಹತ್ತು ಹದಿನೈದು ನಿಮಿಷ ಬರೀ ನೀವುವುದು. ಓಟದ ದಿನ ಎಣ್ಣೆ ಬೇಡ. ವಾರ್ಮ್ ಅಪ್‌ಗೆ ಮುಂಚೆ ಟ್ರ್ಯಾಕ್ ಪ್ಯಾಂಟಿನ ಮೇಲಿನಿಂದಲೇ ಐದು ನಿಮಿಷ ಚುರುಕಾಗಿ ಉಜ್ಜಿ, ಅಂಗೈ ಬಟ್ಟಲು ಮಾಡಿಕೊಂಡು ಹಗುರವಾಗಿ ತಟ್ಟಿ ಎಬ್ಬಿಸಿ. ಅದು ವಾರ್ಮ್ ಅಪ್‌ಗೆ ಬದಲಿಯಲ್ಲ, ವಾರ್ಮ್ ಅಪ್ ಪೂರ್ತಿ ಆಗಲೇಬೇಕು. ಹೀಟ್ಸ್ (ಫೈನಲ್‌ಗೆ ಆಯ್ಕೆಯ ಓಟ) ಮುಗಿದ ಮೇಲೆ ಮೊದಲು ಮೆಲ್ಲಗೆ ಜಾಗಿಂಗ್, ನೀರು, ಏನಾದರೂ ಊಟ, ಆಮೇಲೆ ಹತ್ತು ನಿಮಿಷ ಹಗುರವಾಗಿ ನೀವಬಹುದು.

ಏಟು ಬಿದ್ದು ಊದಿದ ಜಾಗ, ಜ್ವರ, ಹುಳುಕಡ್ಡಿ, ತೆರೆದ ಗಾಯ, ಕಾರಣವಿಲ್ಲದೆ ಒಂದೇ ಕಾಲು ಊದಿ ಬಿಸಿಯಾಗಿರುವುದು, ಇವಿದ್ದಾಗ ಯಾರೂ ಮುಟ್ಟಬಾರದು. ಒಬ್ಬ ಕಬಡ್ಡಿ ಹುಡುಗನಿಗೆ ತೊಡೆಗೆ ಎದುರಾಳಿಯ ಮಂಡಿ ತಗುಲಿತ್ತು. ಊರಿನಲ್ಲಿ ಮೂರು ದಿನ ಗಟ್ಟಿಯಾಗಿ ತಿಕ್ಕಿದರು. ಎರಡು ತಿಂಗಳ ಮೇಲೆ ನನ್ನ ಬಳಿ ಬಂದಾಗ ಮಂಡಿ ಪೂರ್ತಿ ಮಡಿಚುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ನೋಡಿದರೆ ಸ್ನಾಯುವಿನೊಳಗೆ ಮೂಳೆ ಕಟ್ಟಿಕೊಂಡಿತ್ತು. ಆ ಋತು ಪೂರ್ತಿ ಅವನಿಗೆ ಹೋಯಿತು.

ಗಂಡಸರು ಮಸಾಜ್ ಮಾಡುವ ವಿಷಯದಲ್ಲಿ ನಿಮ್ಮ ಅಸಮಾಧಾನ ಸರಿಯಾದದ್ದು, ಅದನ್ನು ಯಾರ ಮುಲಾಜಿಗೂ ಬಿಟ್ಟುಕೊಡಬೇಡಿ. ಹುಡುಗಿಯರಿಗೆ ಹೆಂಗಸರೇ ಮಾಡಬೇಕು. ಅವರು ಸಿಗದಿದ್ದರೆ ತಾಯಿಯೋ ತಂಡದ ಮೇಲ್ವಿಚಾರಕಿಯೋ ಪಕ್ಕದಲ್ಲೇ ಕೂತಿರಬೇಕು, ಬಾಗಿಲು ತೆರೆದಿರಬೇಕು, ಮುಟ್ಟುವ ಮುಂಚೆ ಮಗುವನ್ನು ಕೇಳಬೇಕು. ನನ್ನ ತಂಡದಲ್ಲಿ ಇದು ನಿಯಮ. "ಸಾಕು" ಎಂದು ಮಗು ಹೇಳಿದ ಕ್ಷಣ ಕೈ ತೆಗೆಯಬೇಕು. "ತಡೆದುಕೋ" ಎಂದವರು ಆ ಕಸುಬಿಗೆ ತಕ್ಕವರಲ್ಲ.

ಓಟಗಾರ್ತಿಯ ಅಮ್ಮ, ದಾವಣಗೆರೆ
ಮಂಗಳವಾರ, ರಾತ್ರಿ 8:05

ಸರ್, ನೀವು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. "ನನ್ನ ತಪ್ಪಲ್ಲ ಅಂತ ಅವರೇ ಬರೆದಿದ್ದಾರಾ?" ಎಂದು ಮೊಬೈಲ್ ಕಿತ್ತುಕೊಂಡು ತಾನೇ ಎರಡು ಸಲ ಓದಿದಳು.

ಬೆರಳಿಟ್ಟು ನೋಡಿದೆ. ಮೇಲಿನಿಂದ ಬರುವಾಗ ಏನೂ ಇಲ್ಲ. ಗಿಣ್ಣಿಗಿಂತ ಒಂದು ಗೇಣು ಮೇಲೆ, ಹುಣಸೆ ಬೀಜದಷ್ಟು ಜಾಗ, ಅಲ್ಲಿ ಬೆರಳು ತಾಗಿದ ಕೂಡಲೇ ಕಾಲು ಎಳೆದುಕೊಂಡಳು. ಸುತ್ತಮುತ್ತ ನೋವಿಲ್ಲ. ರಾತ್ರಿಯೂ ನೋಯುತ್ತದಂತೆ, ಇಷ್ಟು ದಿನ ನನಗೆ ಹೇಳಿರಲಿಲ್ಲ. ಮೂರನೆಯ ಪ್ರಶ್ನೆಗೂ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾಲ್ಕು ತಿಂಗಳಿನಿಂದ ಆಗಿಲ್ಲ. ಓಡುವ ಹುಡುಗಿಯರಿಗೆ ಅದು ಸಹಜ ಎಂದು ಯಾರೋ ಹೇಳಿದ್ದರಿಂದ ನಾನು ಸುಮ್ಮನಿದ್ದೆ.

ಕೆಮ್ಮಣ್ಣು, ಮೈಸೂರು
ಮಂಗಳವಾರ, ರಾತ್ರಿ 8:20

ಅಮ್ಮ, ನಾಳೆ ಬೆಳಿಗ್ಗೆ ಅವಳನ್ನು ಅಭ್ಯಾಸಕ್ಕೆ ಕಳಿಸಬೇಡಿ. ಮೆಲ್ಲಗೆ ಓಡುವುದೂ ಬೇಡ. ನೇರ ಮೂಳೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಈ ಮೂರೂ ಒಟ್ಟಿಗೆ ಇದ್ದರೆ, ಓಟದ ಹೊಡೆತಕ್ಕೆ ಮೂಳೆಯಲ್ಲಿ ಸಣ್ಣ ಬಿರುಕು ಬಿಡುತ್ತಿದೆಯೇನೋ ಎಂದು ಮೊದಲು ಅನುಮಾನಿಸಬೇಕು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆ ಇರಬಹುದು. "ಎಕ್ಸ್‌ರೇ ಚೆನ್ನಾಗಿದೆ" ಎಂದ ಮಾತ್ರಕ್ಕೆ ವಾಪಸು ಬರದೆ ಎಂಆರ್‌ಐ ಬೇಕೇ ಎಂದು ಕೇಳಿ.

ಮುಟ್ಟು ನಿಲ್ಲುವುದು ಓಡುವ ಹುಡುಗಿಯರಲ್ಲಿ ಕಾಣುವಂಥದ್ದು ನಿಜ, ಆದರೆ ಅದು ಸಹಜವಲ್ಲ. ಹೆಚ್ಚಾಗಿ ಓಡುವಷ್ಟಕ್ಕೆ ತಕ್ಕ ಊಟ ಹೊಟ್ಟೆಗೆ ಬೀಳದಿದ್ದಾಗ ದೇಹ ಮೊದಲು ಉಳಿತಾಯ ಮಾಡುವುದು ಅಲ್ಲಿ. ಆಗ ಮೂಳೆಯನ್ನು ಕಾಪಾಡುವ ಈಸ್ಟ್ರೋಜೆನ್ ಎಂಬ ಹಾರ್ಮೋನು ತಗ್ಗುತ್ತದೆ, ಮೂಳೆ ಸೊರಗುತ್ತದೆ. ಸ್ತ್ರೀರೋಗ ತಜ್ಞರಿಗೂ ತೋರಿಸಿ. ಬೆಳಿಗ್ಗೆ ಏನು ತಿಂದು ಓಡಲು ಹೋಗುತ್ತಾಳೆ, ತೂಕ ಇಳಿಸಲು ಯಾರಾದರೂ ಹೇಳಿದ್ದಾರೆಯೇ ಎಂದು ಮೃದುವಾಗಿ ಕೇಳಿ, ಬೈಯಬೇಡಿ.

ಎಡಗಾಲಿಗೆ ಎಣ್ಣೆ, ಬಿಸಿ ಶಾಖ, ಪಟ್ಟು, ಏನೂ ಬೇಡ.

ಟ್ರ್ಯಾಕ್ ಮೇಷ್ಟ್ರು, ಮೂಡುಬಿದಿರೆ
ಬುಧವಾರ, ಬೆಳಿಗ್ಗೆ 6:30

ಕೆಮ್ಮಣ್ಣು ಅವರು ಹೇಳಿದ್ದಕ್ಕೆ ಒಂದು ವಿಷಯ ಸೇರಿಸುತ್ತೇನೆ, ಮುಂದೆ ಎಲ್ಲ ಪೋಷಕರಿಗೂ ಬೇಕಾಗುತ್ತದೆ. ಮಸಾಜ್ ಮಾಡುವವರ ಬಾಟಲಿಯಲ್ಲಿ ಏನಿದೆ ಎಂದು ಕೇಳಿ. ಅವರ ಕೈಯನ್ನೂ ನೋಡಿ. ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ಮಾರ್ಚ್ 2024ರ ಎರಡು ಪರೀಕ್ಷೆಗಳಲ್ಲಿ ಕ್ಲೋಸ್ಟೆಬಾಲ್ ಎಂಬ ನಿಷೇಧಿತ ಸ್ಟೆರಾಯ್ಡ್‌ಗೆ ಸಿಕ್ಕಿಬಿದ್ದರು. ಅವರ ಫಿಸಿಯೋ ತಮ್ಮ ಬೆರಳಿನ ಗಾಯಕ್ಕೆ ಹಾಕಿಕೊಂಡಿದ್ದ ಸ್ಪ್ರೇಯಲ್ಲಿ ಅದು ಇತ್ತು. ಕೈಗವಸು ಹಾಕದೆ ಮಸಾಜ್ ಮಾಡಿದ್ದರಿಂದ ಸಿನ್ನರ್ ಚರ್ಮದ ಮೂಲಕ ಒಳಗೆ ಹೋಗಿತ್ತು. ಬೇಕೆಂದು ಮಾಡಿದ್ದಲ್ಲ ಎಂದು ಅಧಿಕಾರಿಗಳು ಒಪ್ಪಿದರೂ, ಕೊನೆಗೆ 2025ರಲ್ಲಿ ಅವರು ಮೂರು ತಿಂಗಳ ನಿಷೇಧ ಅನುಭವಿಸಬೇಕಾಯಿತು. ವಕೀಲರು, ತಜ್ಞರು ಎಲ್ಲ ಇದ್ದ ಆಟಗಾರನಿಗೇ ಹೀಗಾದರೆ ನಮ್ಮ ಮಕ್ಕಳ ಪರವಾಗಿ ಯಾರು ವಾದಿಸುತ್ತಾರೆ? ನಾನು ನನ್ನ ಮಕ್ಕಳಿಗೆ ಹೆಸರಿಲ್ಲದ ಬಾಟಲಿಯ ಎಣ್ಣೆಯನ್ನು ಮುಟ್ಟಲು ಬಿಡುವುದಿಲ್ಲ. ಮನೆಯ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಎಷ್ಟೋ ವಾಸಿ.

ಆ ಹುಡುಗಿಯ ತರಬೇತುದಾರರಿಗೂ ಈ ಕಾಲು ನೋವಿನ ವಿಷಯವನ್ನು ಬರವಣಿಗೆಯಲ್ಲಿ ತಿಳಿಸಿ ಅಮ್ಮ. ಕೂಟ ಹತ್ತಿರ ಬಂದಾಗ ನಮ್ಮಂಥವರಿಗೆ ಸಮಯ ಮಾತ್ರ ಕಾಣುತ್ತದೆ. ನಾನೂ ಒಮ್ಮೆ ಒಬ್ಬ ಹುಡುಗನನ್ನು ಹಾಗೆ ಓಡಿಸಿದ್ದೇನೆ, ಅದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ಓಟಗಾರ್ತಿಯ ಅಮ್ಮ, ದಾವಣಗೆರೆ
ಹನ್ನೆರಡು ದಿನಗಳ ನಂತರ

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೀವು ಹೇಳಿದ್ದು ನೆನಪಿದ್ದುದರಿಂದ ಎಂಆರ್‌ಐ ಕೇಳಿದೆ. ಮೂಳೆಯೊಳಗೆ ಬಾವು ಬಂದಿದೆ, ಬಿರುಕು ಇನ್ನೂ ಬಿಟ್ಟಿಲ್ಲ, ಇನ್ನೆರಡು ವಾರ ಓಡಿದ್ದರೆ ಬಿಡುತ್ತಿತ್ತು ಎಂದರು. ಆರು ವಾರ ಓಟವಿಲ್ಲ. ರಾಜ್ಯ ಕೂಟಕ್ಕೆ ಹೋಗುತ್ತಿಲ್ಲ. ಎರಡು ದಿನ ಅತ್ತಳು. ಬೆಳಿಗ್ಗೆ ಐದಕ್ಕೆ ಬರೀ ಚಹಾ ಕುಡಿದು ಮೈದಾನಕ್ಕೆ ಹೋಗುತ್ತಿದ್ದಳು, ಹೊಟ್ಟೆ ಭಾರವಾದರೆ ಓಡಲಾಗುವುದಿಲ್ಲ ಎಂದು ರಾತ್ರಿ ಒಂದು ರೊಟ್ಟಿ ತಿಂದು ಏಳುತ್ತಿದ್ದಳು. ನೂರೈವತ್ತು ರೊಟ್ಟಿ ಬಡಿಯುವ ನನಗೆ ಮನೆಯ ತಟ್ಟೆಯಲ್ಲಿ ಎಷ್ಟಿದೆ ಎಂದು ಕಾಣಲಿಲ್ಲ. ಈಗ ಓಟಗಾರರಿಗೆ ಊಟ ಹೇಳಿಕೊಡುವ ಆಹಾರ ತಜ್ಞೆಯೊಬ್ಬರನ್ನು ನೋಡುತ್ತಿದ್ದೇವೆ. ಸ್ತ್ರೀರೋಗ ತಜ್ಞರಿಗೂ ತೋರಿಸಿದೆ.

ರಾತ್ರಿ ಖಾನಾವಳಿ ಮುಚ್ಚಿದ ಮೇಲೆ ಬಲಗಾಲಿಗೆ ಹತ್ತು ನಿಮಿಷ ಎಣ್ಣೆ ಹಚ್ಚಿ ನೀವುತ್ತೇನೆ, ನೀವು ಹೇಳಿದ ಹಾಗೆ. ಆ ಹೊತ್ತಿನಲ್ಲಿ ಬಹಳ ಮಾತಾಡುತ್ತಾಳೆ. ಎಡಗಾಲಿಗೆ ಯಾವಾಗ ಎಂದು ದಿನಾ ಕೇಳುತ್ತಾಳೆ.

ಕೆಮ್ಮಣ್ಣು, ಮೈಸೂರು
ಅದೇ ದಿನ, ರಾತ್ರಿ 10:30

ಅಮ್ಮ, ಈ ಸುದ್ದಿ ಓದಿ ಮನಸ್ಸು ಹಗುರವಾಯಿತು. ಎಡಗಾಲಿನ ಬಗ್ಗೆ ವೈದ್ಯರನ್ನು ಮುಂದಿನ ಸಲ ನೋಡುವಾಗ ಕೇಳಿ. ಅವರು ಒಪ್ಪಿದ ಮೇಲೆ ಹಿಂಭಾಗದ ಮೀನಖಂಡಕ್ಕೆ ಮಾತ್ರ, ಅಂಗೈಯಿಂದ ನೀವಬಹುದು. ಮುಂದಿನ ಮೂಳೆಯ ಹತ್ತಿರ ಬೆರಳು ಹೋಗಬಾರದು. ಮತ್ತೆ ಓಡಲು ಶುರುಮಾಡುವಾಗ ಮೊದಲ ವಾರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಅದೂ ದಿನ ಬಿಟ್ಟು ದಿನ, ಟಾರು ರಸ್ತೆಯಲ್ಲಲ್ಲ, ಮಣ್ಣಿನ ಮೇಲೆ. ಪ್ರತಿ ಓಟದ ಮರುದಿನ ಬೆಳಿಗ್ಗೆ ಆ ಹುಣಸೆ ಬೀಜದ ಜಾಗವನ್ನು ಒಂದೇ ಬೆರಳಿನಿಂದ ಮುಟ್ಟಿ ನೋಡಿ. ಕಾಲು ಎಳೆದುಕೊಂಡರೆ ಮುಂದಿನ ಓಟವಿಲ್ಲ.